ಎಂಜಿನ್ ಇಳಿಸುವ ಮೊದಲು ಗಾಡಿ ಕೆಳಗೆ ಮಲಗಿ ನೋಡಿ

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಎಂಟು ಎಕರೆ ಕಾಫಿ ತೋಟ. ಮನೆಯ ಗಾಡಿ 2012ರ ಬೊಲೆರೊ ಪಿಕಪ್. ಟರ್ಬೊ (ಎಂಜಿನ್‌ಗೆ ಗಾಳಿ ತಳ್ಳುವ ಸಾಧನ) ಇರುವ ಹಳೇ ಪಂಪ್ ಎಂಜಿನ್, ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಬಿಡುವ ಕಾಮನ್ ರೈಲ್ ಅಲ್ಲ. 2.6 ಲಕ್ಷ ಕಿ.ಮೀ. ಓಡಿದೆ. ಎರಡು ವರ್ಷದಿಂದ ಆಯಿಲ್ ಕುಡಿಯುತ್ತಿದೆ. ಈಗ ಸಾವಿರ ಕಿ.ಮೀ.ಗೆ ಎರಡು ಲೀಟರ್ ಬೇಕು. ನೀಲಿ ಹೊಗೆ ಬರುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಲೋಡ್ ಹಾಕಿಕೊಂಡು ಮೇಕೇರಿ ದಾಟಿ ಮಡಿಕೇರಿಗೆ ಹತ್ತುವಾಗ ಪುಲ್ಲಿಂಗ್ ಇಲ್ಲ. ಒಬ್ಬ ಮೆಕ್ಯಾನಿಕ್ ಎಂಜಿನ್ ಪೂರ್ತಿ ಬಿಚ್ಚಿ ಕೆಲಸ ಮಾಡಲು 1.2 ಲಕ್ಷ ಹೇಳಿದ್ದಾರೆ. ಇನ್ನೊಬ್ಬರು 75 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿ ಕೊಡುತ್ತೇನೆ ಅನ್ನುತ್ತಾರೆ. ಬ್ರೋಕರ್ ಇದ್ದ ಹಾಗೇ 1.8 ಲಕ್ಷಕ್ಕೆ ಕೇಳಿದ್ದಾರೆ. ಮಗ ಮಾತ್ರ ಇದನ್ನು ಮಾರಿ ಲೋನ್ ಮಾಡಿ ಹೊಸದು ತಗೊಳ್ಳೋಣ ಅನ್ನುತ್ತಾನೆ. ತಿಂಗಳಿಗೆ ಹೆಚ್ಚೆಂದರೆ 900 ಕಿ.ಮೀ. ಓಡಿಸುತ್ತೇವೆ. ಏನು ಮಾಡಲಿ?

ಉತ್ತರ: ಎಂಜಿನ್ ಬಗ್ಗೆ ಎಲ್ಲ ಬರೆದಿದ್ದೀರಿ. ಚಾಸಿ, ಅಂದರೆ ಗಾಡಿಯನ್ನು ಹೊತ್ತ ಅಡಿಯ ಕಬ್ಬಿಣದ ಚೌಕಟ್ಟು, ಅದರ ಬಗ್ಗೆ ಒಂದು ಮಾತೂ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂವತ್ತು ವರ್ಷ ಮಡಿಕೇರಿಯಲ್ಲಿ ಗ್ಯಾರೇಜ್ ನಡೆಸಿದವನು ನಾನು. ಎಂಜಿನ್ ಹೋಗಿದೆ ಅಂತ ಗುಜರಿಗೆ ಹಾಕಿದ ಪಿಕಪ್ ನನ್ನ ಕೈಯಲ್ಲಿ ಬಹಳ ಕಡಿಮೆ. ಚಾಸಿ ತಿಂದುಹೋಗಿ ಗುಜರಿಗೆ ಹೋದದ್ದೇ ಜಾಸ್ತಿ. ಎಂಜಿನ್ ಎಷ್ಟು ಸಲ ಬೇಕಾದರೂ ಬಿಚ್ಚಬಹುದು, ಬಿಡಿಭಾಗ ಸಿಗುತ್ತದೆ. ಪುಡಿಯಾದ ಚಾಸಿಗೆ ಔಷಧಿ ಇಲ್ಲ. ನಮ್ಮ ಜಿಲ್ಲೆಯ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿಯ ಹೊಟ್ಟೆ ಒಣಗುವುದೇ ಇಲ್ಲ. ಅದರ ಮೇಲೆ ತೋಟದ ಸಾಮಾನು. ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣತಮ್ಮ. ಚೀಲ ಹರಿದು ಒಂದು ಹಿಡಿ ಮೂಲೆಯಲ್ಲಿ ಉಳಿದರೆ ಸಾಕು, ಅದು ಗಾಳಿಯ ನೀರನ್ನು ಎಳೆದುಕೊಂಡು ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತಾ ಕೂರುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವವರು ಡ್ರಮ್ಮನ್ನು ಪಿಕಪ್‌ನಲ್ಲೇ ಒಯ್ಯುತ್ತಾರೆ ಅಲ್ವಾ? ಅದಕ್ಕೆ ಹಾಕುವ ಮೈಲುತುತ್ತ ಇನ್ನೂ ಕೆಟ್ಟದ್ದು. ಅದರ ನೀರಲ್ಲಿ ಒಂದು ಮೊಳೆ ಅದ್ದಿ ನೋಡಿ, ಸ್ವಲ್ಪ ಹೊತ್ತಿಗೇ ಮೊಳೆ ಕೆಂಪಗಾಗುತ್ತದೆ. ತಾಮ್ರ ಬಂದು ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಸುಣ್ಣ ಸರಿಯಾಗಿ ಬೆರೆಯದ ಮೈಲುತುತ್ತದ ನೀರು ಡ್ರಮ್ಮಿನಿಂದ ತುಳುಕಿದರೆ ನಿಮ್ಮ ಗಾಡಿಗೂ ಅದನ್ನೇ ಮಾಡುತ್ತದೆ.

ಹಾಗಾಗಿ ಮೊದಲು ಗಾಡಿಯ ಅಡಿಯನ್ನು ಚೆನ್ನಾಗಿ ತೊಳೆಸಿ. ಎರಡು ದಿನ ಒಣಗಲು ಬಿಡಿ. ಆಮೇಲೆ ರ್‍ಯಾಂಪ್ ಅಥವಾ ಗುಂಡಿ ಇರುವ ಗ್ಯಾರೇಜಿಗೆ ಹೋಗಿ, ಒಂದು ದಪ್ಪ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಟಾರ್ಚ್ ಹಿಡಿದು ಕೆಳಗೆ ಇಳಿಯಿರಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತೂರಬೇಡಿ. ಹಿಂದಿನ ಬ್ಲೇಡ್ ಸೆಟ್ (ಭಾರ ಹೊರುವ ಪಟ್ಟಿ ಸ್ಪ್ರಿಂಗ್) ಚಾಸಿಗೆ ಕೂರುವ ಬ್ರ್ಯಾಕೆಟ್ ನೋಡಿ. ಎರಡು ಉದ್ದನೆ ಪಟ್ಟಿಗಳನ್ನು ಸೇರಿಸುವ ಅಡ್ಡಪಟ್ಟಿ ನೋಡಿ. ಕ್ಯಾಬಿನ್ ಕೂರುವ ಜಾಗ, ಬ್ರೇಕ್ ಪೈಪ್ ಹಾದುಹೋಗುವ ಜಾಗ ನೋಡಿ. ಸುತ್ತಿಗೆಯಲ್ಲಿ ತಟ್ಟಿದರೆ ಟಣ್ ಅನ್ನಬೇಕು. ಟಪ್ ಅಂದರೆ ಒಳಗೆ ಪೊಳ್ಳು. ಮೇಲೆ ಕೆಂಪು ತುಕ್ಕು ಇದ್ದರೆ ಹೆದರಬೇಡಿ, ಉಜ್ಜಿ ಬಣ್ಣ ಹೊಡೆಯಬಹುದು. ಹಪ್ಪಳದ ಹಾಗೆ ಪದರಪದರವಾಗಿ ಎದ್ದುಬಂದರೆ, ಸ್ಕ್ರೂಡ್ರೈವರ್ ಒತ್ತಿದಾಗ ಒಳಗೆ ಹೋದರೆ, ಅಲ್ಲಿಗೆ ಮುಗಿಯಿತು. ಈ ಉತ್ತರದ ಉಳಿದ ಭಾಗ ನಿಮಗೆ ಬೇಡ. ಬ್ರೋಕರ್‌ಗೆ ಫೋನ್ ಮಾಡಿ.

ತಗಡು ಇಟ್ಟು ವೆಲ್ಡಿಂಗ್ ಮಾಡಿಸಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕ್ಯಾಬಿನ್ ತಳಕ್ಕೆ ಆಗುತ್ತದೆ, ಬ್ಲೇಡ್ ಬ್ರ್ಯಾಕೆಟ್ ಹತ್ತಿರ ಬೇಡ. ಒಬ್ಬರು ನನ್ನ ಮಾತು ಕೇಳದೆ ಎಂಜಿನ್ ಕೆಲಸ ಮಾಡಿಸಿಕೊಂಡರು. ಆರೇ ತಿಂಗಳಿಗೆ ಕಾಫಿ ಲೋಡಿನ ಜೊತೆ ಬ್ರ್ಯಾಕೆಟ್ ಕಿತ್ತು ಬಂತು. ಪುಣ್ಯಕ್ಕೆ ತೋಟದ ಒಳಗೇ ಆಯಿತು.

ಚಾಸಿ ಗಟ್ಟಿ ಇದೆ ಅಂತಿಟ್ಟುಕೊಳ್ಳೋಣ. ಈಗ ಎಂಜಿನ್‌ಗೆ ಬರೋಣ. ಅದು ನಿಜವಾಗಿಯೂ ಹೋಗಿದೆಯಾ? ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ ಅಂತಷ್ಟೇ ಅರ್ಥ. ಎಲ್ಲಿಂದ ಒಳಗೆ ಬರುತ್ತಿದೆ ಅನ್ನುವುದು ಬೇರೆ ಪ್ರಶ್ನೆ. ಮೂರು ದಾರಿ ಇವೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದು ಕೆಳಗಿನಿಂದ ಬರಬಹುದು. ವಾಲ್ವ್ ಸೀಲ್ ಹೋಗಿ ಮೇಲಿನಿಂದ ಬರಬಹುದು. ಟರ್ಬೊ ಸೀಲ್ ಹೋಗಿ ಗಾಳಿಯ ಜೊತೆಗೂ ಬರಬಹುದು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂತ ನೀಲಿ ಹೊಗೆ ಬಂದು ಆಮೇಲೆ ಕಮ್ಮಿಯಾದರೆ ವಾಲ್ವ್ ಸೀಲ್ ಮೇಲೆ ಅನುಮಾನ ಪಡಿ. ಅದು ಹೆಡ್, ಅಂದರೆ ಎಂಜಿನ್ ಮೇಲ್ಭಾಗದ ಕೆಲಸ, ಸಣ್ಣ ಖರ್ಚು. ಲೋಡಿನಲ್ಲಿ ಏರು ಹತ್ತುವಾಗ ಉದ್ದಕ್ಕೂ ಹೊಗೆ ಬಿಟ್ಟರೆ ರಿಂಗ್ ಅಥವಾ ಟರ್ಬೊ.

ಟರ್ಬೊ ನೋಡುವುದು ಸುಲಭ. ಅದರಿಂದ ಹೊರಟು ಎಂಜಿನ್‌ಗೆ ಗಾಳಿ ಒಯ್ಯುವ ದಪ್ಪ ಹೋಸ್ ಬಿಚ್ಚಿಸಿ. ಒಳಗೆ ಆಯಿಲ್ ಪಸೆ ಇದ್ದರೆ ಮಾಮೂಲಿ. ಚಮಚದಲ್ಲಿ ಎತ್ತುವಷ್ಟು ನಿಂತಿದ್ದರೆ ಟರ್ಬೊ ಸೋರುತ್ತಿದೆ. ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿ. ರೆಕ್ಕೆ ಗೋಡೆಗೆ ತಾಗಿದರೆ ಅದರ ಕಥೆ ಮುಗಿದಿದೆ. ಇಲ್ಲೇ ಒಂದು ಗುಟ್ಟು ಇದೆ. ಎಂಜಿನ್‌ನ ಬ್ರೀದರ್ ಪೈಪ್ ಕಟ್ಟಿಕೊಂಡರೆ ಒಳಗಿನ ಒತ್ತಡ ಹೋಗಲು ಜಾಗ ಇರುವುದಿಲ್ಲ. ಟರ್ಬೊದಿಂದ ಕೆಳಗೆ ಇಳಿಯಬೇಕಾದ ಆಯಿಲ್ ಇಳಿಯದೆ ಸೀಲ್ ದಾಟಿ ಗಾಳಿಗೆ ಸೇರುತ್ತದೆ. ಹೊಸ ಟರ್ಬೊ ಹಾಕಿದರೂ ಸೋರಿಕೆ ನಿಲ್ಲದೆ ತಲೆ ಕೆಡಿಸಿಕೊಂಡ ಗಾಡಿಗಳಿಗೆ ಬ್ರೀದರ್ ಪೈಪ್ ಕ್ಲೀನ್ ಮಾಡಿ ಕಳಿಸಿದ್ದೇನೆ.

ಟರ್ಬೊ ಸೋರಿಕೆಯನ್ನು ಸುಮ್ನೆ ಬಿಡಬೇಡಿ. ಡೀಸೆಲ್ ಎಂಜಿನ್ ತನ್ನದೇ ಆಯಿಲ್ ಕುಡಿದು ತಾನಾಗಿ ರೇಸ್ ಆಗುವುದುಂಟು. ಆಗ ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ಯಾಕೆಂದರೆ ಅದು ಓಡುತ್ತಿರುವುದು ಡೀಸೆಲ್‌ನಲ್ಲಿ ಅಲ್ಲ. ಹಾಗೆ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಆಫ್ ಮಾಡಿಸಬೇಕು. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇದನ್ನು ಹೇಳಿಡಿ.

ಇನ್ನು ರಿಂಗ್. ಎಂಜಿನ್ ಬಿಸಿ ಆದಮೇಲೆ, ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಮೆಲ್ಲಗೆ ತೆಗೆಯಿರಿ. ಸಣ್ಣ ಆವಿ ಬಂದರೆ ಸರಿ. ರೈಲಿನ ಹಾಗೆ ಬುಸುಬುಸು ಹೊಗೆ ತಳ್ಳಿದರೆ ಸಿಲಿಂಡರ್‌ನ ಒತ್ತಡ ರಿಂಗ್ ದಾಟಿ ಕೆಳಗೆ ಬರುತ್ತಿದೆ. ಇದನ್ನು ಖಚಿತ ಮಾಡಲು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ. 1.2 ಲಕ್ಷದ ಲೆಕ್ಕ ಹೇಳಿದವರು ಇದನ್ನು ಮಾಡಿದ್ದರಾ? ಮಾಡಿಲ್ಲದಿದ್ದರೆ ಅದು ಲೆಕ್ಕ ಅಲ್ಲ, ಅಂದಾಜು. ನಾಲ್ಕೂ ಸಿಲಿಂಡರ್‌ನ ಅಂಕಿ ಬರೆಸಿಕೊಳ್ಳಿ. ಒಂದು ವಿಷಯ ನೆನಪಿಡಿ. ಪುಸ್ತಕದಲ್ಲಿರುವ ಅಂಕಿ ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಗೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಹಾಗಾಗಿ ಒಳ್ಳೆಯ ಎಂಜಿನ್ ಕೂಡ ಶೇ 10ರಿಂದ 13ರಷ್ಟು ಕಡಿಮೆ ತೋರಿಸುತ್ತದೆ. ಅದನ್ನು ಕಂಡು ಗಾಬರಿ ಬೇಡ. ನಾಲ್ಕು ಸಿಲಿಂಡರ್‌ಗಳ ನಡುವೆ ವ್ಯತ್ಯಾಸ ಎಷ್ಟಿದೆ ಅನ್ನುವುದೇ ಮುಖ್ಯ. ಶೇ 10ರ ಒಳಗಿದ್ದರೆ ಪರವಾಗಿಲ್ಲ. ಒಂದು ಮಾತ್ರ ದಬಕ್ಕನೆ ಬಿದ್ದಿದ್ದರೆ ಆ ಸಿಲಿಂಡರಿನ ವಾಲ್ವ್ ಅಥವಾ ಗ್ಯಾಸ್ಕೆಟ್ ನೋಡಿ. ಎತ್ತರದ ಲೆಕ್ಕ ಕಳೆದ ಮೇಲೂ ನಾಲ್ಕೂ ಒಟ್ಟಿಗೆ ಇಳಿದಿದ್ದರೆ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದೆ.

ಪುಲ್ಲಿಂಗ್ ಇಲ್ಲ ಅಂದಿರಲ್ಲ, ಅದಕ್ಕೆ ಎಂಜಿನ್ ಒಂದೇ ಕಾರಣ ಅಲ್ಲ. ಕ್ಲಚ್ ಜಾರುತ್ತಿದೆಯಾ, ಡೀಸೆಲ್ ಫಿಲ್ಟರ್‌ನಲ್ಲಿ ನೀರು ಸೇರಿದೆಯಾ, ಟರ್ಬೊ ಹೋಸ್ ಬಿರುಕು ಬಿಟ್ಟಿದೆಯಾ, ಇವೆಲ್ಲ ನೋಡಿಸಿ. ಅರ್ಧ ದಿನದ ಕೆಲಸ. ಎಂಜಿನ್ ಇಳಿಸಿ, ಕೆಲಸ ಮಾಡಿಸಿ, ಮತ್ತೆ ಕೂರಿಸಿದ ಮೇಲೆ ತಪ್ಪು ಕ್ಲಚ್‌ದು ಅಂತ ಗೊತ್ತಾದರೆ ಹೊಟ್ಟೆ ಉರಿಯುತ್ತದೆ.

2.6 ಲಕ್ಷ ಕಿ.ಮೀ.ಗೇ ಸವೆಯಿತಾ ಅಂತ ನಿಮಗೆ ಅನ್ನಿಸಿರಬಹುದು. ಹೈವೇ ಗಾಡಿಗೆ ಅದು ದೊಡ್ಡದಲ್ಲ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ತೋಟದ ರಸ್ತೆಯಲ್ಲಿ ಫಸ್ಟ್, ಸೆಕೆಂಡ್ ಗೇರ್‌ನಲ್ಲಿ ಗಂಟೆಗೆ 15 ಕಿ.ಮೀ. ಹೋಗುವಾಗ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ ಅನ್ನಿ. ಒಂದು ಕಿ.ಮೀ.ಗೆ 8000 ಸುತ್ತು ಆಯಿತು. ಕುಶಾಲನಗರ ದಾಟಿ ಮೈಸೂರು ರಸ್ತೆಯಲ್ಲಿ ಅದೇ 2000ದಲ್ಲಿ 50 ಕಿ.ಮೀ. ವೇಗದಲ್ಲಿ ಹೋದರೆ ಕಿ.ಮೀ.ಗೆ 2400 ಸುತ್ತು. ತೋಟದ ಒಂದು ಕಿ.ಮೀ. ಬಯಲಿನ ಮೂರಕ್ಕಿಂತ ಜಾಸ್ತಿ. ನಿಮ್ಮ ಮೀಟರ್ ಸುಳ್ಳು ಹೇಳುತ್ತಿಲ್ಲ, ಪೂರ್ತಿ ಹೇಳುತ್ತಿಲ್ಲ ಅಷ್ಟೇ. ಆಯಿಲ್ ಬದಲಿಸುವಾಗಲೂ ಬರೀ ಕಿ.ಮೀ. ನೋಡಬಾರದು ಅನ್ನುವುದು ಇದಕ್ಕೇ.

ಬೋರ್ ಸವೆದಿದೆ ಅಂತ ಗೊತ್ತಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಯಾಕೆ ಸವೆಯಿತು? ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ನಾನೂ ಒಮ್ಮೆ ಕೇಳದೆ ಪೆಟ್ಟು ತಿಂದಿದ್ದೇನೆ. ಸೋಮವಾರಪೇಟೆ ಕಡೆಯ ಒಂದು ಗಾಡಿಗೆ ಪೂರ್ತಿ ಎಂಜಿನ್ ಕೆಲಸ ಮಾಡಿ ಕೊಟ್ಟೆ. ಎಂಟು ತಿಂಗಳಲ್ಲಿ ವಾಪಸ್ ಬಂತು, ಅದೇ ನೀಲಿ ಹೊಗೆ. ಬಿಚ್ಚಿದರೆ ಹೊಸ ರಿಂಗ್ ಶೇವಿಂಗ್ ಬ್ಲೇಡಿನ ಹಾಗೆ ತೆಳ್ಳಗಾಗಿತ್ತು. ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಹೋಸಿನ ಅಡಿಯಲ್ಲಿ ಬೆರಳು ಅಗಲದ ಸೀಳು. ಕ್ಲಿಪ್ ಮರೆಯಲ್ಲಿದ್ದುದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ಹಣ್ಣು ಕುಯ್ಯುವ ಕಾಲದಲ್ಲಿ ತೋಟದ ರಸ್ತೆಯ ಧೂಳು ನಿಮಗೆ ಗೊತ್ತಲ್ಲ. ಅದು ಫಿಲ್ಟರ್‌ಗೆ ಹೋಗದೆ ನೇರವಾಗಿ ಸಿಲಿಂಡರ್‌ಗೆ ಹೋಗುತ್ತಿತ್ತು. ಧೂಳು ಮತ್ತು ಆಯಿಲ್ ಸೇರಿದರೆ ವಾಲ್ವ್ ಉಜ್ಜುವ ಪೇಸ್ಟೇ ಆಗಿಬಿಡುತ್ತದೆ. ಎರಡನೇ ಸಲದ ಕೂಲಿ ನಾನು ತೆಗೆದುಕೊಳ್ಳಲಿಲ್ಲ. ಹಳೇ ಎಂಜಿನ್ ಕೊಂದದ್ದು ಯಾವುದೋ ಅದೇ ಹೊಸದನ್ನೂ ಕೊಲ್ಲುತ್ತದೆ. ಹಾಗಾಗಿ ಏರ್ ಹೋಸ್, ರೇಡಿಯೇಟರ್, ಡೀಸೆಲ್ ಸಿಂಪಡಿಸುವ ನಾಝಲ್ ಈ ಮೂರನ್ನು ಎಂಜಿನ್ ಕೆಲಸದ ಜೊತೆಗೇ ಸೇರಿಸಿ. ರೇಡಿಯೇಟರ್‌ನ ಜಾಲರಿಯಲ್ಲಿ ಕೆಸರು ಕಟ್ಟಿದ್ದರೆ ಏರಿನಲ್ಲಿ ಎಂಜಿನ್ ಕಾಯುತ್ತದೆ. ನಾಝಲ್ ತೊಟ್ಟಿಕ್ಕುತ್ತಿದ್ದರೆ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಬಿಡುತ್ತದೆ.

ಈಗ 75 ಸಾವಿರದ ಸೆಕೆಂಡ್ ಹ್ಯಾಂಡ್ ಎಂಜಿನ್. ನನ್ನ ಅಭಿಪ್ರಾಯ ಕೇಳಿದರೆ ಬೇಡ. ನಿಮ್ಮ ಎಂಜಿನ್‌ನ ಕಾಯಿಲೆ ಏನು ಅಂತ ಪರೀಕ್ಷೆ ಮಾಡಿ ತಿಳಿಯಬಹುದು. ಬರುವ ಎಂಜಿನ್‌ನ ಕಾಯಿಲೆ ಯಾರಿಗೂ ಗೊತ್ತಿಲ್ಲ. ಗುಜರಿಯಿಂದ ಬಂದ ಎಂಜಿನ್‌ಗೆ ಮೊದಲು ಮಾಡುವ ಕೆಲಸವೇ ಬೆಳ್ಳಿ ಬಣ್ಣ ಹೊಡೆಯುವುದು. 2018, 2019ರ ಮಳೆಯಲ್ಲಿ ಕಾವೇರಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದು ನಮಗೆಲ್ಲ ನೆನಪಿದೆ. ನೀರಲ್ಲಿ ಮುಳುಗಿದ ಗಾಡಿಯ ಎಂಜಿನ್ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಕಾಗದದ್ದು. ಎಂಜಿನ್ ನಂಬರ್ ಇರುವುದು ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ ಒಡಲಿನ ಮೇಲೆ. ನಿಮ್ಮ ಬ್ಲಾಕ್ ಇಟ್ಟುಕೊಂಡು ಬೋರ್ ಮಾಡಿಸಿದರೆ ನಂಬರ್ ಅದೇ, ಆರ್‌ಟಿಒ ಕಡೆ ಏನೂ ಕೆಲಸ ಇಲ್ಲ. ಬೇರೆ ಎಂಜಿನ್ ಅಥವಾ ಬೇರೆ ಬ್ಲಾಕ್ ಕೂರಿಸಿದರೆ ಆರ್‌ಸಿಯಲ್ಲಿರುವ ನಂಬರ್ ಸುಳ್ಳಾಗುತ್ತದೆ. ಅದನ್ನು ಆರ್‌ಸಿಯಲ್ಲಿ ಬದಲಿಸಿಕೊಳ್ಳಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಎಂಜಿನ್‌ನ ಬಿಲ್ ಬೇಕು, ಅದು ಯಾವ ಗಾಡಿಯಿಂದ ಬಂತು ಅನ್ನುವ ದಾಖಲೆ ಬೇಕು. ಕೂರಿಸುವ ಮೊದಲೇ ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿ ಏನೇನು ಬೇಕು ಅಂತ ಕೇಳಿಕೊಂಡು ಬನ್ನಿ. ಯೆಲ್ಲೋ ಬೋರ್ಡ್ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ) ಇದ್ದೇ ಇದೆ. ಅಲ್ಲಿ ನಂಬರ್ ಹೊಂದದಿದ್ದರೆ ಗಾಡಿ ನಿಂತುಹೋಗುತ್ತದೆ. ಎಂಜಿನ್ ಕದ್ದ ಗಾಡಿಯದ್ದಾಗಿದ್ದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವವರು ನೀವು, ಮಾರಿದವನಲ್ಲ. ಬಿಲ್ ಕೊಡಿ ಅಂತ ಕೇಳಿ ನೋಡಿ. ಆ ಕಡೆಯವರು ಮಾತು ತೇಲಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಎಫ್‌ಸಿ ವಿಷಯ ಬಂತಲ್ಲ, ನಿಮ್ಮ ಗಾಡಿಗೆ ಹದಿನೈದು ವರ್ಷದ ಗಡಿ ಮುಖ್ಯ. ಡೀಸೆಲ್ ಗಾಡಿಗೆ ಹತ್ತೇ ವರ್ಷ ಅನ್ನುವ ಗದ್ದಲ ದೆಹಲಿ ಸುತ್ತಮುತ್ತಲಿನದ್ದು, ಕೊಡಗಿಗೆ ಅದು ಬರುವುದಿಲ್ಲ. ಆದರೆ ಹದಿನೈದು ದಾಟಿದ ಗಾಡಿಯ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಜೋರಾಗಿ ಏರಿಸಿದ್ದಾರೆ, ಆಮೇಲೂ ಬದಲಾಗಿದೆ. ಈಗ ಎಷ್ಟು ಅಂತ ಅದೇ ಕಚೇರಿಯಲ್ಲಿ ಕೇಳಿ, ಮುಂದಿನ ಐದು ವರ್ಷದ ಖರ್ಚಿಗೆ ಸೇರಿಸಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ರಿಪೇರಿ ಖರ್ಚು ಗಾಡಿ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ ಅನ್ನುವ ಸೂತ್ರ ಒಂದಿದೆ. ಅದು ಗಾಡಿ ಮಾರುವವನ ಲೆಕ್ಕ, ಇಟ್ಟುಕೊಳ್ಳುವವನದ್ದಲ್ಲ. ಎಂಜಿನ್ ಕೆಲಸ ಮಾಡಿಸಿದ ಗಾಡಿಗೆ ಬ್ರೋಕರ್ ನಿಮ್ಮ 1.2 ಲಕ್ಷ ಸೇರಿಸಿ ಕೊಡುವುದಿಲ್ಲ. ಹಾಗಾಗಿ ಮಾರುವ ಯೋಚನೆ ಇದ್ದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ಇಟ್ಟುಕೊಳ್ಳುವುದಾದರೆ 1.2 ಲಕ್ಷ ಅಂತ ಹೇಳಿದ್ದು 1.2ಕ್ಕೆ ನಿಲ್ಲುವುದಿಲ್ಲ. ಕ್ಲಚ್ ಪ್ಲೇಟ್, ರೇಡಿಯೇಟರ್, ಹೋಸ್, ಎಂಜಿನ್ ಫೌಂಡೇಶನ್ ರಬ್ಬರ್, ಬೇಕಾದರೆ ಟರ್ಬೊ ಕೆಲಸ, ಇದಕ್ಕೆಲ್ಲ ಇನ್ನೂ 35 ಸಾವಿರ ಪಕ್ಕಕ್ಕಿಡಿ. ಒಟ್ಟು 1.55 ಲಕ್ಷ. ಐದು ವರ್ಷ ಓಡಿದರೆ ತಿಂಗಳಿಗೆ ಸುಮಾರು 2600 ರೂಪಾಯಿ. ಮಗ ಹೇಳಿದ ಹಾಗೆ ಹೊಸ ಗಾಡಿಗೆ 8 ಲಕ್ಷ ಲೋನ್ ತೆಗೆದರೆ, ಶೇ 10 ಬಡ್ಡಿಗೆ ಐದು ವರ್ಷ ತಿಂಗಳಿಗೆ ಸುಮಾರು 17 ಸಾವಿರ ಕಂತು. ಬಾಡಿಗೆಗೆ ಓಡಿಸಿ ದಿನಾ ದುಡಿಯುವ ಗಾಡಿಗೆ ಅದು ಸರಿ. ತಿಂಗಳಿಗೆ 900 ಕಿ.ಮೀ. ಓಡುವ ಮನೆ ಗಾಡಿಗೆ ಕಾಫಿ ರೇಟ್ ಎಷ್ಟೇ ಚೆನ್ನಾಗಿರಲಿ, ಭಾರವೇ.

ಇನ್ನೊಂದು ದಾರಿ ಯಾರೂ ಹೇಳಿರಲಿಕ್ಕಿಲ್ಲ. ಏನೂ ಮಾಡದಿರುವುದು. ತಿಂಗಳಿಗೆ 900 ಕಿ.ಮೀ. ಅಂದರೆ ಎರಡು ಲೀಟರಿಗೂ ಕಡಿಮೆ ಆಯಿಲ್. ಲೀಟರಿಗೆ 350 ರೂಪಾಯಿ ಹಿಡಿದರೂ ವರ್ಷಕ್ಕೆ ಎಂಟು ಸಾವಿರ ದಾಟುವುದಿಲ್ಲ. ಬರೀ ಆಯಿಲ್ ಕುಡಿಯುವುದೊಂದೇ ದೋಷ ಆಗಿದ್ದರೆ, ಹೊಗೆ ತಪಾಸಣೆಯಲ್ಲಿ ಪಾಸ್ ಆಗುತ್ತಿದ್ದರೆ, ಸುರಿಯುತ್ತಾ ಓಡಿಸಿ ಅನ್ನುತ್ತಿದ್ದೆ. ನಿಮ್ಮದು ಸ್ಟಾರ್ಟಿಂಗ್ ಮತ್ತು ಪುಲ್ಲಿಂಗ್ ಎರಡೂ ಹೋಗಿದೆ, ಹಾಗಾಗಿ ಬಹಳ ದಿನ ಆಗದು. ಆದರೆ ಒಂದು ಸೀಸನ್ ದೂಡಬಹುದು. ಬಿಸಿ ಎಂಜಿನ್‌ನಲ್ಲಿ ಆಯಿಲ್ ಲೈಟ್ ಮಿಣುಕಿದರೆ ಅಥವಾ ತಳದಿಂದ ಟಕ್ ಟಕ್ ಸದ್ದು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ. ಅದು ಬೇರಿಂಗ್. ಹಾಗೇ ಓಡಿಸಿದರೆ ಕ್ರ್ಯಾಂಕ್ ಹೋಗುತ್ತದೆ, ಕೆಲವೊಮ್ಮೆ ಬ್ಲಾಕೂ ಹೋಗುತ್ತದೆ.

ನನ್ನ ತೀರ್ಪು ಕೇಳುವುದಾದರೆ, ಚಾಸಿ ಗಟ್ಟಿ ಇದ್ದು ನಾಲ್ಕೂ ಸಿಲಿಂಡರ್ ಇಳಿದಿದ್ದರೆ ನಿಮ್ಮದೇ ಎಂಜಿನ್ ಬಿಚ್ಚಿಸಿ, ಬೋರ್ ಕೆಲಸ ಮಾಡಿಸಿ. ಹಳೇ ಪಂಪ್ ಎಂಜಿನ್ ಆಗಿರುವುದು ನಿಮ್ಮ ಅದೃಷ್ಟ, ಊರಿನ ಮೆಕ್ಯಾನಿಕ್‌ಗೇ ಅರ್ಥವಾಗುತ್ತದೆ. ಬರೀ ರಿಂಗ್ ಬದಲಿಸಿ ಕಡಿಮೆಯಲ್ಲಿ ಮುಗಿಸುತ್ತೇನೆ ಅಂದರೆ ಒಪ್ಪಬೇಡಿ. ಮೊಟ್ಟೆಯಾಕಾರಕ್ಕೆ ಸವೆದ ಬೋರಿಗೆ ಹೊಸ ದುಂಡು ರಿಂಗ್ ಕೂರುವುದಿಲ್ಲ. ಬೋರ್ ಅಳತೆ, ಕ್ರ್ಯಾಂಕ್ ಅಳತೆ ಎರಡನ್ನೂ ಲೇತಿನವರ ಕೈಯಲ್ಲಿ ಬರೆಸಿ ತರಿಸಿ. ಹೆಡ್‌ನಲ್ಲಿ ಬಿರುಕು ಇದೆಯಾ ಅಂತ ಪ್ರೆಶರ್ ಟೆಸ್ಟ್ ಮಾಡಿಸಿ. ನಾಝಲ್, ಪಂಪ್ ಕ್ಯಾಲಿಬ್ರೇಶನ್‌ಗೆ ಹೋಗಲಿ. ಆಯಿಲ್ ಪಂಪ್ ಹೊಸದೇ ಇರಲಿ, ಅಲ್ಲಿ ಉಳಿತಾಯ ಬೇಡ. ಬಿಚ್ಚಿದ ಹಳೇ ಸಾಮಾನು ಎಲ್ಲ ಒಂದು ಗೋಣಿಯಲ್ಲಿ ವಾಪಸ್ ಕೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲಸಕ್ಕೆ ಮಳೆಗಾಲವೇ ಸರಿ. ಜೂನ್, ಜುಲೈನಲ್ಲಿ ಗಾಡಿ ಹದಿನೈದು ದಿನ ನಿಂತರೂ ತೋಟ ನಿಲ್ಲುವುದಿಲ್ಲ. ಹೊಸ ರಿಂಗ್ ಕೂರಲು ಸಾವಿರ ಕಿ.ಮೀ. ಬೇಕು. ಆ ಸಮಯದಲ್ಲಿ ಫುಲ್ ಲೋಡ್ ಬೇಡ, ಸಂಪಾಜೆ ಘಾಟಿ ಬೇಡ. ಹಾಗಂತ ಮನೆ ಮುಂದೆ ಐಡಲ್‌ನಲ್ಲಿ ಬಿಡುವುದೂ ಬೇಡ, ರಿಂಗ್ ಕೂರದೆ ಬೋರ್ ಗಾಜಿನ ಹಾಗೆ ನುಣ್ಣಗಾಗುತ್ತದೆ. ಹಗುರ ಲೋಡಿನಲ್ಲಿ ಏರಿಳಿತ ಇರುವ ರಸ್ತೆಯಲ್ಲಿ ಓಡಿಸಿ. ನಾಪೋಕ್ಲುವಿನಲ್ಲಿ ಅದಕ್ಕೇನೂ ಬರ ಇಲ್ಲ. ಸಾವಿರಕ್ಕೆ ಆಯಿಲ್, ಫಿಲ್ಟರ್ ಬದಲಿಸಿ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗುವ ಹೊತ್ತಿಗೆ ಗಾಡಿ ತಯಾರಿರುತ್ತದೆ. ಈಗ ಕುಯ್ಲು ನಡೆಯುತ್ತಿದ್ದರೆ ಕೈ ಹಾಕಲೇಬೇಡಿ. ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿ, ಬೇಕಾದಷ್ಟು ಸುರಿದು ಓಡಿಸಿ. ಭಾರದ ಲೋಡಿಗೆ ನಾಲ್ಕು ದಿನ ಬಾಡಿಗೆ ಗಾಡಿ ಹೇಳಿ.

ಚಾಸಿ ನೋಡಲು ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ. ಟಾರ್ಚ್ ಹಿಡಿಯಲು ಒಬ್ಬರು ಬೇಕೇ ಬೇಕು. ಸ್ಕ್ರೂಡ್ರೈವರ್ ಒಳಗೆ ಹೋದರೆ ಅವನು ಹೇಳಿದ್ದೇ ಸರಿ, ಹೊಸ ಗಾಡಿಯ ಮಾತಾಡಿ. ಟಣ್ ಅಂದರೆ ಆ ಸದ್ದನ್ನು ಅವನೂ ಕೇಳಿರುತ್ತಾನೆ.